ನೂರ ಎಪ್ಪತ್ತೊಂದು ದಿನ

ಅಶೋಕ ರಸ್ತೆಯ ಜೆರಾಕ್ಸ್ ಅಂಗಡಿಯ ಮೇಲೆ
ಹದಿನಾಲ್ಕು ಮೆಟ್ಟಿಲು ಹತ್ತಿದರೆ ನಮ್ಮ ಆಫೀಸು.
ಕೊಬ್ಬರಿ ಮಂಡಿಯವರು, ಬೋರ್‌ವೆಲ್ ಲಾರಿಯವರು,
ಇಬ್ಬರು ಹಲ್ಲಿನ ಡಾಕ್ಟರು ಬಂದು ಕೂರುವ ಬೆಂಚಿಗೆ
ಅಕ್ಟೋಬರಿನ ಒಂದು ಶನಿವಾರ
ವಾಂಬುಯಿ ಬಂದಳು. ತೊಡೆಯ ಮೇಲೆ ಹಳದಿ ಹೆಲ್ಮೆಟ್ಟು,
ಕೊರಳಲ್ಲಿ ವಸಂತನರಸಾಪುರದ ಫ್ಯಾಕ್ಟರಿಯ ಬಿಲ್ಲೆ.
ಆರು ತಿಂಗಳು ಕಲಿತು ಬಾ ಎಂದು
ನೈರೋಬಿಯ ಕಾಲೇಜು ಕಳಿಸಿದ ಹುಡುಗಿ.
"ಸ್ಟೈಪೆಂಡು ಕೈಗೆ ಬರುವ ಮೊದಲೇ
ಹಿಡಿದುಕೊಳ್ಳುತ್ತಾರಂತೆ. ಯಾರು?"
ಆಡಿಟರ್ ಪದ್ಮರಾಜಯ್ಯನವರು ಕನ್ನಡಕ ಹಣೆಗೇರಿಸಿ
ಫ್ಯಾನಿನತ್ತ ಬೆರಳು ತೋರಿದರು.
ಸರ್ಕಾರ ಅನ್ನುವುದಕ್ಕೆ ಅವರದು ಅದೇ ಸನ್ನೆ.

ಪಾನ್ ಕಾರ್ಡಿನ ಅರ್ಜಿ ನಾನು ತುಂಬಿದೆ.
ಕೊನೆಯ ಹೆಸರು, ಮೊದಲ ಹೆಸರು, ನಡುವಿನ ಹೆಸರು.
ಈ ಮೂರು ಕಾಲಂ ಗೀಚಿದವನು
ನಮ್ಮ ಸಿರಾ ಕಡೆಯವನಂತೂ ಅಲ್ಲ.
ಅವಳದು ಅಜ್ಜಿಯ ಹೆಸರಂತೆ.
ಎರಡನೆಯದೂ ಹೆಣ್ಣಾದರೆ
ತಾಯಿಯ ತಾಯಿ ಹೆಸರು ತಿರುಗಿ ಬರಲೇಬೇಕಂತೆ.
ನನಗೆ ನಗು. ಆಫೀಸಿಗೆ ನಾನು ಜಯಾ;
ಅಂಕಪಟ್ಟಿಯಲ್ಲಿ, ರೇಷನ್ ಕಾರ್ಡಿನಲ್ಲಿ
ಜುಂಜಮ್ಮ ಅನ್ನುವ ನನ್ನಜ್ಜಿ
ಇನ್ನೂ ಹಟ್ಟಿಯಲ್ಲಿ ಕುರಿ ಎಣಿಸುತ್ತ ಕೂತಿದ್ದಾಳೆ.
ಅಷ್ಟನ್ನೂ ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.
"ಕುರಿಯಾ? ನಮ್ಮಜ್ಜಿಯದು ಆಡು," ಅಂದಳು.
ಮೊಬೈಲ್ ನಂಬರ್ ಕೇಳಿತ್ತು ಅರ್ಜಿ.
ಅವಳ ಸಿಮ್ಮು ಇನ್ನೂ ಬಂದಿರಲಿಲ್ಲ.
ನನ್ನದೇ ಬರೆದೆ.

ಹೊರಡುವ ವಾರ ಕ್ಯಾಲೆಂಡರ್ ಹರವಿ ಕೂತೆವು.
ನೂರ ಎಂಬತ್ತೆರಡು ದಿನ ತುಂಬಿದರೆ ನಿವಾಸಿ.
ಒಂದು ಕಮ್ಮಿಯಾದರೂ ಅನಿವಾಸಿ.
ಬಸ್ಸಿನಲ್ಲಿ ನಿದ್ದೆಹೋಗಿ ಕೊರಟಗೆರೆಯಲ್ಲಿ ಎದ್ದ ದಿನ,
ದೇವರಾಯನದುರ್ಗದ ಕೋತಿ ಡಬ್ಬಿ ಸಮೇತ ಚಿತ್ರಾನ್ನ ಒಯ್ದ ದಿನ,
ಜ್ವರದಲ್ಲಿ ಜಿಲ್ಲಾಸ್ಪತ್ರೆಯ ಚೀಟಿ ಸಾಲಿನಲ್ಲಿ
ಹಿಂದಿನವಳ ಹೆಗಲಿಗೊರಗಿ ನಿಂತ ದಿನ
ಎಲ್ಲದರ ತೂಕವೂ ಒಂದೇ: ಒಂದು.
ಕೂಡಿದಾಗ ನೂರ ಎಪ್ಪತ್ತೊಂದು.
"ಹನ್ನೊಂದು ದಿನ ಸಾಲದೇ ಹೋಯಿತಲ್ಲ," ಎಂದಳು
ಮಾರ್ಕ್ಸು ಕಮ್ಮಿ ಬಿದ್ದವಳ ಹಾಗೆ.
ನಾನು ಈ ಊರಿಗೆ ಬಂದು ಹದಿನೇಳು ವರ್ಷ.
ಬಾಡಿಗೆ ಏರಿಸುವಾಗೆಲ್ಲ ಓನರಮ್ಮ
"ನಿಮ್ಮೂರು ಯಾವುದು ಅಂದಿರಿ?" ಎಂದೇ ಶುರು.
ಆರು ಸಾವಿರ ಚಿಲ್ಲರೆ ದಿನಕ್ಕೆ
ಯಾವ ಕಾಲಂ, ಸಾರ್?
ಕೇಳಲಿಲ್ಲ. ಸ್ಟೇಪ್ಲರ್ ಒತ್ತಿದೆ.

ತೆರಿಗೆ ಕಟ್ಟುವಷ್ಟು ದುಡಿಮೆಯೇ ಅಲ್ಲ ಅವಳದು.
ಹಿಡಿದ ಹನ್ನೊಂದು ಸಾವಿರ ವಾಪಸ್ ಬರಬೇಕು.
ಜುಲೈನಲ್ಲಿ ರಿಟರ್ನ್ಸ್ ಹಾಕಿದೆವು.
ಅಲ್ಲಿಂದ ನನ್ನ ಫೋನಿಗೆ ಅವಳ ಒಟಿಪಿಗಳು ಬರತೊಡಗಿದವು.
ಆರು ಅಂಕಿ, ಹತ್ತು ನಿಮಿಷದ ಆಯುಸ್ಸು.
ಒಗ್ಗರಣೆ ಸೀದರೂ ಸರಿ, ಓದಿ ಕಳಿಸುತ್ತೇನೆ;
ಅವಳು ಅಲ್ಲಿ ಬಸ್ಸಿನಿಂದಿಳಿದು ರಸ್ತೆಬದಿ ನಿಂತು ಒತ್ತುತ್ತಾಳೆ.
ಹೋದ ಹಣ ಬ್ಯಾಂಕಿನ ಬಾಗಿಲು ಮುಟ್ಟಿ ಹಿಂದಿರುಗುತ್ತದೆ:
ಹೆಸರು ಹೊಂದಿಕೆಯಾಗುತ್ತಿಲ್ಲ.
ಇಲ್ಲಿ ಅಜ್ಜಿ ಕೊನೆಗೆ ನಿಂತಿದ್ದಾಳೆ, ಅಲ್ಲಿ ನಡುವೆ.
ಮೂರು ಸಲ ಹೋಗಿ ಮೂರು ಸಲ ಬಂತು.
ಪದ್ಮರಾಜಯ್ಯನವರನ್ನು ಕೇಳಿದೆ.
ಕರೆಂಟು ಇರಲಿಲ್ಲ. ನಿಂತ ಫ್ಯಾನನ್ನೇ ತೋರಿಸಿದರು.

"ಬಂದರೆ ಜುಂಜಮ್ಮನ ಹೆಸರಲ್ಲಿ ಒಂದು ಕುರಿ ಕೊಳ್ಳು,"
ವಾಂಬುಯಿ ಮೆಸೇಜು ಹಾಕಿದ್ದಾಳೆ.
ಬರುವುದು ನಿನ್ನ ಖಾತೆಗಲ್ಲವೇನೇ ಹುಡುಗಿ.
ಸಿರಾ ಸಂತೆಯಲ್ಲಿ ವಿಚಾರಿಸಿದೆ ಆದರೂ:
ಹನ್ನೊಂದು ಸಾವಿರಕ್ಕೆ ಒಂದು ಬರುತ್ತದೆ, ಹಲ್ಲು ನೋಡಿ ಕೊಂಡರೆ.

ನಿನ್ನೆ ರಾತ್ರಿ ಫೋನು ಮತ್ತೆ ಗುಂಯ್ ಅಂದಿತು.
ಪ್ರಿಯ ವಾಂಬುಯಿ, ಎಂದು ಇಲಾಖೆ.
"ಯಾರಿಗೆ?" ಎಂದ ಗಂಡ, ಕಣ್ಣು ಬಿಡದೆ.
"ನನಗೇ," ಅಂದುಬಿಟ್ಟೆ.