ಡಬ್ಬಿಯಲ್ಲಿ ಬಂದ ಮಸಿ

ನಾಲ್ಕು ನಕ್ಷತ್ರ ಕೊಟ್ಟಿದ್ದೆ. ಐದಕ್ಕೆ ಕೈ ಬರಲಿಲ್ಲ,
ಕೊನೆಯ ಇಪ್ಪತ್ತು ನಿಮಿಷ ಮಳೆ ಜಾಸ್ತಿಯಾಗಿತ್ತು.
ಬರೆದಿದ್ದೆ: "ಕ್ಯಾಮೆರಾ ಕಣ್ಣು ಮಿಟುಕಿಸುವುದಿಲ್ಲ.
ಕೊಲೆಗಾರನ ತಾಯಿಯ ಅಡುಗೆಮನೆ ನೋಡಿ,
ಆ ಗೋಡೆಯ ಜಿಡ್ಡು ಸುಳ್ಳು ಹೇಳುವುದಿಲ್ಲ."
ಈ ಸಾಲು ನನಗೆ ಹಿಡಿಸಿತ್ತು.
ಪೋಸ್ಟರಿನವರಿಗೂ ಹಿಡಿಸಿತು;
ಲೀಯೇಜಿನ ಬಸ್ಸುಗಳ ಬೆನ್ನೇರಿ
ನನ್ನ ಹೆಸರಿನೊಡನೆ ಒಂದು ತಿಂಗಳು ತಿರುಗಿತು.

ಉಳಿದವರೂ ಬರೆದರು. ಬ್ರಸೆಲ್ಸಿನವನು
"ನಾಲಿಗೆಯ ಮೇಲೆ ಕಬ್ಬಿಣದ ರುಚಿ" ಎಂದ.
ಪ್ಯಾರಿಸಿನವಳು (ಅವಳು ಯಾವುದನ್ನೂ ಮೆಚ್ಚುವವಳಲ್ಲ)
"ಬಡತನದ ಹೆಗಲ ಮೇಲೆ ಕೈಹಾಕಿ
ಫೋಟೊ ತೆಗೆಸಿಕೊಂಡಿದ್ದಾರೆ" ಎಂದಳು.
ಹೌದು ಅನ್ನಿಸಿತು. ಬಾಯಿ ಬಿಡಲಿಲ್ಲ.

ಆಮೇಲೆ ಶಾರ್ಲೆರುವಾದಿಂದ ಒಂದು ಕಾಗದ,
ಲೆಕ್ಕದ ಪುಸ್ತಕದ ಚೌಕುಳಿ ಹಾಳೆ:
"ಮಹನೀಯರೇ, ಆ ಅಡುಗೆಮನೆ ನನ್ನದು.
ಬಂದು ನೋಡಿ. ಭಾನುವಾರ ಬೇಡ."

ಗುರುವಾರ ಹೋದೆ. ಚಿತ್ರದಲ್ಲಿ ಕರ್ರಗಿದ್ದ
ಗಣಿಯ ಕಸದ ಗುಡ್ಡಗಳು
ರೈಲಿನ ಕಿಟಕಿಯಲ್ಲಿ ಹಸಿರಾಗಿದ್ದವು,
ತುದಿಯವರೆಗೂ ಬರ್ಚ್ ಮರ.
ನುಂಜಿಯಾ ಲಾಪೆನ್ನಾ, ಎಪ್ಪತ್ತೆಂಟು,
ಬಾಗಿಲಲ್ಲೇ ನಿಂತು ಹೇಳಿದಳು: ಬೂಟು ಒರೆಸಿಕೊಳ್ಳಿ.

"ಆರು ದಿನಕ್ಕೆ ಒಂಬೈನೂರು ಯೂರೊ ಕೊಟ್ಟರು.
ಮೊದಲ ದಿನ ಒಬ್ಬ ಹುಡುಗಿ ಬಂದಳು. ಒಳ್ಳೆಯವಳು.
ಕಾಫಿ ಕುಡಿದು ಲೋಟ ತಾನೇ ತೊಳೆದಿಟ್ಟಳು.
ಆಮೇಲೆ ಡಬ್ಬಿ ತೆರೆದಳು.
ಒಂದರ ಮೇಲೆ ಬರೆದಿತ್ತು: ಮಸಿ, ನಂಬರ್ ಮೂರು.
ಇನ್ನೊಂದರ ಮೇಲೆ: ಜಿಡ್ಡು, ಹಳೆಯದು.

ನನ್ನ ಎವಾರಿಸ್ತೊ ಹದಿನೆಂಟು ವರ್ಷ
ಗಣಿಯಿಂದ ನೇರ ಈ ಮನೆಗೆ ಬಂದ.
ಹಿತ್ತಲಲ್ಲೇ ಮೀಯಿಸುತ್ತಿದ್ದೆ, ಜನವರಿಯಲ್ಲೂ.
ಒಂದು ಬೆರಳ ಗುರುತು ಬೀಳಗೊಡಲಿಲ್ಲ ಇಲ್ಲಿ.
ಸುಳ್ಳು ಹೇಳುವುದಿಲ್ಲ ಅಂತ ಬರೆದಿರಲ್ಲ,
ಯಾರು ಸ್ವಾಮಿ, ಗೋಡೆಯಾ?"

ಏನೂ ತೋಚದೆ ಕೇಳಿದೆ: ಚಿತ್ರ ಹೇಗನ್ನಿಸಿತು?

ಎದುರಿನ ಕಸಾಯಿ ಫಿರ್ಮಾಂ ನಕ್ಕುಬಿಟ್ಟನಂತೆ,
ರಕ್ತ ಅಷ್ಟು ಹೊತ್ತು ಕೆಂಪಗಿರುತ್ತದೆಯೇ ಎಂದು.
ಮೂರನೆಯ ಮನೆಯ ಜೋಯೆಲ್ ಹೋಗಲಿಲ್ಲ.
ಅವಳ ತಮ್ಮನ ಕಥೆಯೇ ಅದು, ಹಾಗಂತಾರೆ.
ಎರಡು ಟಿಕೆಟ್ಟು ಕಳಿಸಿದ್ದರು ಪುಕ್ಕಟೆ;
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ,
ಯಾಕೆ ಅಂತ ಯಾರೂ ಕೇಳಿಲ್ಲ.

"ಮತ್ತೆ ನೀವು?"
"ತಾಯಿಯಾದವಳು ಚೆನ್ನಾಗಿ ಅತ್ತಳು. ನಾನೂ ಅತ್ತೆ.
ಆದರೆ ಆಲೂಗಡ್ಡೆ ಸುಲಿಯಲು ಬರುವುದಿಲ್ಲ ಅವಳಿಗೆ.
ಅರ್ಧ ಗಡ್ಡೆ ಸಿಪ್ಪೆಯ ಪಾಲು.
ಬಾಡಿಗೆ ಕಟ್ಟಲು ಕಾಸಿಲ್ಲದವಳು ಹಾಗೆ ಸುಲಿಯುತ್ತಾಳೆಯೇ?
ಇದನ್ನು ನೀವು ಯಾರೂ ಬರೆಯಲಿಲ್ಲ."

ಎರಡು ಸಲ ನೋಡಿದ್ದೆ ನಾನು ಆ ಚಿತ್ರ.
ಆಲೂಗಡ್ಡೆ ನೆನಪಾಗಲಿಲ್ಲ.

ಗೋಡೆಯೆಲ್ಲ ಮತ್ತೆ ಬೆಳ್ಳಗಾಗಿತ್ತು,
ಒಲೆಯ ಪಕ್ಕ ಅಂಗೈಯಗಲ ಬಿಟ್ಟು.
"ಅದು ಹೋಗುತ್ತಿಲ್ಲ" ಎಂದು
ಬಟ್ಟೆ ಕೊಟ್ಟಳು, ಸೋಡಾಪುಡಿ ಕೊಟ್ಟಳು.
ಕೋಟು ಬಿಚ್ಚಿ ಉಜ್ಜಿದೆ. ಭುಜ ನೋಯುವ ತನಕ ಉಜ್ಜಿದೆ.
ಒಳ್ಳೆಯ ಮಸಿ, ನಂಬರ್ ಮೂರು.

ಬೆನ್ನ ಹಿಂದೆ ಕೂತು ಅವಳು
ಮಧ್ಯಾಹ್ನಕ್ಕೆ ಗಡ್ಡೆ ಸುಲಿಯುತ್ತಿದ್ದಳು.
ತಿರುಗಿದೆ. ಚಾಕುವಿನಿಂದ ಇಳಿಬಿದ್ದ
ಒಂದೇ ಎಳೆ ಸಿಪ್ಪೆಯ ಆಚೆ
ಕಿಟಕಿ ಕಾಣುತ್ತಿತ್ತು.