ನಡುವಿನ ಮೂರು ನಿಮಿಷ

ಉಮದಿ ರಸ್ತೆಯ ಬದಿಗೆ, ಕನ್ನಡ ಶಾಲೆಯ ಹಿಂದೆ ನಮ್ಮ ಬಯಲು.
ಅಳೆದರೆ ಎಂಬತ್ತು ಮೀಟರು, ಆಮೇಲೆ ಜಾಲಿಕಂಟಿ.
ನೂರು ಮೀಟರಿನ ಕೊನೆಯ ಇಪ್ಪತ್ತು
ನಮ್ಮಲ್ಲಿ ಯಾವಾಗಲೂ ಊಹೆ.

ಮೊದಲ ವರ್ಷ ನನಗೇನೂ ತಿಳಿದಿರಲಿಲ್ಲ.
ಕೊರಳಲ್ಲಿ ಸೀಟಿ ಇತ್ತು. ಓಡಿಸುವುದೆಂದರೆ
ದಣಿಸುವುದು ಅಂದುಕೊಂಡಿದ್ದೆ.
ಬೆಳಿಗ್ಗೆ ಹತ್ತು ಸುತ್ತು, ಸಂಜೆ ಹತ್ತು.
ಜೋರಾಗಿ, ಇನ್ನೂ ಜೋರಾಗಿ ಎಂದು ನಾನು ಕೂಗಿದಷ್ಟೂ
ಮಕ್ಕಳ ಹೆಗಲು ಕಿವಿಗೆ ಏರುತ್ತಿತ್ತು,
ಮುಷ್ಟಿ ಬಿಗಿ, ಹಲ್ಲು ಬಿಗಿ,
ಕಾಲು ಮಾತ್ರ ಸಡಿಲ.
ಜೂನಿನಲ್ಲಿ ಈ ಬಯಲನ್ನು ಹನ್ನೆರಡೂವರೆ ಸೆಕೆಂಡಿಗೆ ದಾಟಿದ ಲಾಯವ್ವ
ದೀಪಾವಳಿಗೆ ಹದಿಮೂರು ತೆಗೆದುಕೊಂಡಳು.
ಮೊಣಕಾಲ ಕೆಳಗಿನ ಎಲುಬು ಒತ್ತಿ ತೋರಿಸಿದಳು. ಅಳಲಿಲ್ಲ.
ಅತ್ತಿದ್ದರೆ ನನಗೆ ಬೇಗ ತಿಳಿಯುತ್ತಿತ್ತೋ ಏನೋ.

ಕಲಿಸಿದ್ದು ಅಮಸಿದ್ಧನ ಹಟ್ಟಿಯ ನಾಯಿ.
ಬೂದಿಬಣ್ಣ, ಎಣಿಸಬಹುದಾದ ಪಕ್ಕೆಲುಬು.
ಒಂದು ಮಧ್ಯಾಹ್ನ ಮೊಲದ ಬೆನ್ನು ಹತ್ತಿತು:
ಎರಡು ಹೊಲ, ಒಂದು ಬದು, ಅಷ್ಟೇ.
ಮೊಲ ಕಂಟಿಯೊಳಗೆ ಹೋಯಿತು.
ನಾಯಿ ಬಂದು ಬೇವಿನ ನೆರಳಲ್ಲಿ ಬಿದ್ದುಕೊಂಡಿತು.
ಪಕ್ಕೆಯ ಏರಿಳಿತ ಶಾಂತವಾಗುವ ತನಕ
ಅಮಸಿದ್ಧ ಕರೆದರೂ ಏಳಲಿಲ್ಲ, ಬರೀ ಬಾಲ ಆಡಿಸಿತು.
ನನ್ನ ಕೈಯಲ್ಲಿ ವಾಚಿತ್ತು. ಹತ್ತನೆಯ ಸುತ್ತಿನಲ್ಲಿದ್ದ ಮಕ್ಕಳನ್ನು
ನಿಲ್ಲಿಸಿದೆ. ಯಾಕೆ ಅಂತ ಹೇಳಲಿಲ್ಲ.

ಈಗ ಮೂವತ್ತು ಮೀಟರು, ಅದಕ್ಕಿಂತ ಉದ್ದ ಇಲ್ಲ.
ಬೂದಿಯ ಗೆರೆ ಈ ಕಡೆ, ಆ ಕಡೆ ಎರಡು ಚಪ್ಪಲಿ.
ಟಂಟಂ ಸ್ಟಾರ್ಟ್ ಆಗದಾಗ ನಿಮ್ಮಪ್ಪ ತಳ್ಳತಾನಲ್ಲ,
ಹಂಗ ಮೈ ಚೆಲ್ಲಿ ನೆಲ ಹಿಂದಕ್ಕ ತಳ್ಳು.
ಒಮ್ಮೆಲೇ ತಲೆ ಎತ್ತಬ್ಯಾಡ.
ಕೈ ಗದ್ದದಿಂದ ಕಿಸೆಗೆ, ಕಿಸೆಯಿಂದ ಗದ್ದಕ್ಕೆ.
"ಬಾಯಾರ, ನನ್ನ ಅಂಗಿಗೆ ಕಿಸೇನ ಇಲ್ಲಲ್ರೀ" ಅನ್ನುತ್ತಾಳೆ ಜುಲೇಖಾ.
ಐತಿ ಅಂತ ತಿಳಕೋ, ಅದರಾಗ ಪೆಪ್ಪರಮಿಂಟ್ ಐತಿ.
ಅಂದಿನಿಂದ ಅವಳ ಕೈ ಗಾಳಿಯ ಕಿಸೆಯನ್ನು
ತಪ್ಪದೆ ಮುಟ್ಟುತ್ತದೆ.

ಐದು ಸೆಕೆಂಡು, ಅಷ್ಟೂ ಇಲ್ಲ.
ಆಮೇಲೆ ಮೂರು ನಿಮಿಷ ಏನೂ ಇಲ್ಲ.

ಹೆಡ್‌ಮಾಸ್ತರರು ವರಾಂಡದಿಂದ,
"ಏನ್ರೀ ಬಾಯಾರ, ಓಡೂದು ಕಡಿಮಿ, ಕೂಡೂದ ಹೆಚ್ಚಾತು."
ನಾಯಿಯ ಕಥೆ ಹೇಳಿದರೆ ನಗುತ್ತಾರೆ. ಹೌದ್ರೀ ಅನ್ನುತ್ತೇನೆ.

ಮೂರು ನಿಮಿಷದಲ್ಲಿ ಸಿದರಾಯ ಅಂಗಾಲಿನ ಮುಳ್ಳು ತೆಗೆಯುತ್ತಾನೆ,
ಮನೂಕದ ಶೆಡ್ಡಿನಿಂದ ಗಂಧಕದ ವಾಸನೆ ಬರುತ್ತದೆ,
'ಪಳ' ಜೋರೋ 'ಓಡು' ಜೋರೋ ಅಂತ ಜಗಳ ಏಳುತ್ತದೆ:
ಜತ್ತದ ಮೈದಾನದಲ್ಲಿ ಕೂಗುವವರೆಲ್ಲ ಮರಾಠಿ,
ಮನೆಯಲ್ಲಿ ಅವ್ವ ಅಟ್ಟಿಸಿಕೊಂಡು ಬರುವುದು ಕನ್ನಡದಲ್ಲಿ.
ಅವ್ವನ ಮುಂದ ಓಡಿದಷ್ಟು ಜೋರು
ಯಾರೂ ಎಲ್ಲೂ ಓಡಿಲ್ಲ ಅಂತ ತೀರ್ಮಾನವಾಗುತ್ತದೆ.
ಅಷ್ಟರಲ್ಲಿ ಎದೆಯ ಡಬಡಬ ಇಳಿದಿರುತ್ತದೆ.
ಲಾಯವ್ವ ಮಾತ್ರ ಸುಮ್ಮನೆ ಬೆರಳು ಮಡಚಿ ಮಡಚಿ
ತನ್ನದೇ ಲೆಕ್ಕ ಹಾಕುತ್ತಿರುತ್ತಾಳೆ.

ಈ ಸಲ ಸಾಂಗಲಿಗೆ ಹೋಗಿದ್ದೆವು.
ಎಂಬತ್ತರ ತನಕ ಲಾಯವ್ವ ಎರಡನೆಯವಳು.
ಅಲ್ಲಿ ಜಾಲಿಕಂಟಿ ಇರಲಿಲ್ಲ,
ಆದರೂ ಅವಳ ಕಾಲು ಒಂದು ಕ್ಷಣ ಅದನ್ನು ಹುಡುಕಿತು.
ಐದನೆಯವಳಾಗಿ ಬಂದಳು.
ಬಸ್ಸಿನಲ್ಲಿ ಕವಠೇಮಹಾಂಕಾಳದ ತನಕ ಮಾತಿಲ್ಲ.
ಆಮೇಲೆ ಚುರುಮುರಿ ಬೇಕೆಂದಳು. ಕೊಡಿಸಿದೆ.

ಕಂಟಿಯ ಆಚೆ ದ್ರಾಕ್ಷಿಯವರ ಹೊಲ.
ಇಪ್ಪತ್ತು ಮೀಟರು ಕೇಳಿದ್ದೇನೆ,
ನೋಡೋಣು ಅಂದಿದ್ದಾರೆ. ಎರಡು ಸಲ ಅಂದಿದ್ದಾರೆ.

ಇವತ್ತು ಮೂರನೆಯ ಓಟ ಮುಗಿಸಿ ಬಂದು
ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತಳು.
"ಬಾಯಾರ, ಇನ್ನೊಮ್ಮೆ ಓಡ್ಲೇನ್ರೀ?"
ಮೊದಲ ವರ್ಷ ಇದನ್ನು
ಒಬ್ಬರೂ ಕೇಳಿರಲಿಲ್ಲ.
ವಾಚು ನೋಡಿದೆ. ಒಂದು ನಿಮಿಷ ನಲವತ್ತು.

ಕೂಡು, ಅಂದೆ.