ಬಿಳಿ ನೆಲ

ನಮ್ಮ ಮಸಾಲೆ ಡಬ್ಬಿಯಲ್ಲಿ ಇದರ ನೆಂಟನಿದ್ದಾನೆ,
ಕಲ್ಲುಹೂ ಅಂತ ಹೆಸರು.
ಇಲ್ಲಿ ಕಲ್ಲಿಲ್ಲ, ಬರೀ ಮರಳು;
ಹೂವಂತೂ ಮೊದಲೇ ಅಲ್ಲ.
ಬೋಥ್ನಿಯಾ ಕೊಲ್ಲಿಯ ಈ ಚಪ್ಪಟೆ ದ್ವೀಪದಲ್ಲಿ
ಪೈನ್ ಮರಗಳ ಬುಡದಲ್ಲೆಲ್ಲ,
ಯಾರೋ ಹಾಲನ್ನು ಒಲೆಯ ಮೇಲೆ ಮರೆತ ಹಾಗೆ,
ಬೆಳ್ಳಗೆ ಉಕ್ಕಿ ನಿಂತಿದೆ.
ಯಾಕಲಾ ಅನ್ನುತ್ತಾರೆ ಇವರು.

ಬಿಸಿಲಿದ್ದ ದಿನ ಸಾಯ್ಮಿ ಕಾಡಿಗೆ ಕಾಲಿಡುವುದಿಲ್ಲ.
ಒಣಗಿದರೆ ಅದು ಹಪ್ಪಳ,
ಹೆಜ್ಜೆ ಬಿದ್ದರೆ ಚುರ್ ಎಂದು ಪುಡಿ.
ಆ ಹೆಜ್ಜೆ ಹತ್ತು ವರ್ಷ ನೆಲದಲ್ಲಿ ಹಾಗೇ ಇರುತ್ತದೆ,
ಯಾರ ಬೂಟು ಎಂದೂ ಹೇಳಬಹುದು.
ಮಳೆಯ ಮರುದಿನ ಮಾತ್ರ
ತೊಯ್ದ ಕುರಿಯ ಉಣ್ಣೆಯಂತೆ
ಮೆತ್ತಗೆ ಕೈಗೆ ಬರುತ್ತದೆ.

ಮಂಡಿಯೂರುತ್ತಾಳೆ.
ಒಂದು ಹಿಡಿ ಕೀಳು, ಒಂದು ಹಿಡಿ ಬಿಡು.
ಸೂಜಿಯೆಲೆ, ತೊಗಟೆಯ ಚೂರು,
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ
ಮರದ ಪೆಟ್ಟಿಗೆಯಲ್ಲಿ ಹಾಸುತ್ತಾಳೆ.
ಹಡಗು ಹತ್ತಿ ಜರ್ಮನಿಗೆ ಹೋಗುತ್ತದೆ ಅದು,
ನವೆಂಬರಿನಲ್ಲಿ ಸಮಾಧಿಗಳ ಮೇಲಿಡುವ ದುಂಡು ಹಾರಗಳಿಗೆ.
ಯಾರ ಸಮಾಧಿ? ಇವಳು ಕೇಳಿಲ್ಲ.

ಈ ಗೂನು ಮರದ ಕೆಳಗೆ
ಅವಳ ಅಮ್ಮ ಹಿಲ್ಯಾ ಕಿತ್ತಿದ್ದಳು,
ಖಾಲಿ ಪೆಟ್ಟಿಗೆಯಲ್ಲಿ ಮಗಳನ್ನು ಕೂರಿಸಿ,
ಕೈಗೊಂದು ತುಂಡು ರೈ ರೊಟ್ಟಿ ಕೊಟ್ಟು.
ವರ್ಷಕ್ಕೆ ಅಕ್ಕಿಕಾಳಿನಷ್ಟು ಬೆಳೆಯುತ್ತದೆ ಇದು.
ಮಗಳಿಗೆ ಮೂವತ್ತೆಂಟಾಗುವ ಹೊತ್ತಿಗೆ
ಅಂತೂ ಬೆರಳು ಮುಳುಗುವಷ್ಟು ಬಂದಿದೆ.
ಅಮ್ಮ ಬಿಟ್ಟ ಹಿಡಿ ಯಾವುದು, ಮತ್ತೆ ಬಂದದ್ದು ಯಾವುದು,
ತಿಳಿಯುವುದಿಲ್ಲ.
ಕೈ ಒಂದು ಗಳಿಗೆ ತಡೆಯುತ್ತದೆ.
ಆಮೇಲೆ ಕೀಳುತ್ತದೆ. ಪೆಟ್ಟಿಗೆ ತುಂಬಬೇಕಲ್ಲ.

"ನನ್ನ ಮೇಲೆ ಮಾತ್ರ ಇದನ್ನು ಇಡಬೇಡಿ," ಅಂದಿದ್ದಳು ಹಿಲ್ಯಾ,
"ಅದನ್ನು ನನ್ನ ಮಂಡಿ ಕಂಡದ್ದು ಸಾಕು."
ಇಡಲಿಲ್ಲ.

ಚರ್ಚಿನ ಅಂಗಳದ ಕಲ್ಲುಗಳನ್ನು
ಹಿಮ ಕರಗಿದ ಮೇಲೆ
ತಂತಿ ಬ್ರಷ್ಷಿನಿಂದ ಉಜ್ಜುತ್ತಾನೆ ಓಸ್ಮೊ.
ಈ ಸಲ ಹಿಲ್ಯಾಳ ಹೆಸರಿನ ಮೊದಲ ಅಕ್ಷರದ ಗುಳಿಯಲ್ಲಿ
ಬೂದು ಬಣ್ಣದ ಒಂದು ಚುಕ್ಕೆ, ಸಾಸಿವೆಯಷ್ಟು.
ಕಾಡಿನ ಜಾತಿಯಲ್ಲ ಅದು. ಸಾಯ್ಮಿಗೆ ಗೊತ್ತು.
ಆದರೂ ಬ್ರಷ್ಷಿಗೆ ಕೈ ಅಡ್ಡ ಇಟ್ಟಳು.
"ಇದೊಂದನ್ನು ಬಿಡು."
"ಎಷ್ಟು ದಿನ?"

ಅವಳು ಬೆರಳು ಮಡಿಸುತ್ತ ಎಣಿಸತೊಡಗಿದಳು.
ಒಂದು ಕೈ ಮುಗಿಯಿತು. ಇನ್ನೊಂದು ಕೈ.
ಓಸ್ಮೊ ಪಕ್ಕದ ಕಲ್ಲಿಗೆ ಹೋದ.